ಸಿಂಗಾಲೀಲಾದ ಏಣು, ಭಾವನ ಎಕ್ಸೆಲ್ ಶೀಟು

ಹೊರಡುವ ಮುಂಚೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ರಿಟೈರ್ ಆಗಿ ಎರಡು ವರ್ಷ ಆಯಿತು. ಲೈನು, ಟ್ರಾನ್ಸ್‌ಫಾರ್ಮರ್ ಅಂತ ಊರೂರು ಸುತ್ತಿದ ಇಂಜಿನಿಯರ್. ಕೆಲಸ ಬಿಟ್ಟರೂ ಎಕ್ಸೆಲ್ ಶೀಟ್ ಮಾಡುವ ಚಟ ಬಿಟ್ಟಿಲ್ಲ. ಹಾಲಿನ ಲೆಕ್ಕಕ್ಕೆ ಒಂದು ಶೀಟು, ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು ಅನ್ನೋದಕ್ಕೆ ಇನ್ನೊಂದು. ಆಗಸ್ಟ್‌ನಲ್ಲಿ ಒಂದು ರಾತ್ರಿ ನನ್ನ ಫೋನಿಗೆ 'ಸಂದಕ್‌ಫು ಫೈನಲ್' ಅಂತ ಒಂದು ಫೈಲ್ ಬಂತು. ಬೆಳಿಗ್ಗೆ ಎದ್ದು ನೋಡಿದರೆ 'ಸಂದಕ್‌ಫು ಫೈನಲ್ 2'. ದಸರಾ ಹೊತ್ತಿಗೆ ಅದು 'ಫೈನಲ್ 11' ಆಗಿತ್ತು.

ಇದನ್ನು ಶುರು ಮಾಡಿದ್ದು ನನ್ನ ಮಗಳು. ಚಿಕ್ಕಮಗಳೂರಲ್ಲಿ ಮುಳ್ಳಯ್ಯನಗಿರಿಯಿಂದ ಬಾಬಾ ಬುಡನ್‌ಗಿರಿವರೆಗೆ ಬೆಟ್ಟದ ನೆತ್ತಿ ಹಿಡಿದು ಒಂದು ದಿನ ನಡೆದಿದ್ದೆವು. ಎಡಕ್ಕೂ ಕಣಿವೆ, ಬಲಕ್ಕೂ ಕಣಿವೆ, ನಡುವೆ ದನದ ಬೆನ್ನುಮೂಳೆಯ ಹಾಗೆ ದಾರಿ. "ಅಪ್ಪ, ಇದೇ ಥರ ಒಂದು ವಾರ ನಡೆಯೋ ಜಾಗ ಎಲ್ಲೂ ಇಲ್ವಾ?" ಅಂದಳು. ಇದೆ. ಡಾರ್ಜಿಲಿಂಗ್ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಸಿಂಗಾಲೀಲಾ ಅನ್ನುವ ಬೆಟ್ಟದ ಸಾಲು ಉತ್ತರಕ್ಕೆ, ಸಿಕ್ಕಿಂ ಕಡೆಗೆ ಏರುತ್ತಾ ಹೋಗುತ್ತದೆ. ಅದರ ಏಣಿನ ಮೇಲೇ ಭಾರತ, ನೇಪಾಳದ ಗಡಿ. ದಾರಿಯಲ್ಲಿ ಸಿಗುವ ಸಂದಕ್‌ಫು 3636 ಮೀಟರ್, ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ. ಅಲ್ಲಿಂದ 21 ಕಿ.ಮೀ. ಮುಂದೆ ಫಾಲುಟ್, 3600 ಮೀಟರ್. ಜಗತ್ತಿನ ಐದು ಅತಿ ಎತ್ತರದ ಶಿಖರಗಳಲ್ಲಿ ಕೆ2 ಒಂದು ಬಿಟ್ಟು ಉಳಿದ ನಾಲ್ಕೂ, ಎವರೆಸ್ಟ್, ಕಾಂಚನಜುಂಗಾ, ಲೋತ್ಸೆ, ಮಕಾಲು, ಈ ಸಾಲಿನ ಮೇಲೆ ನಿಂತರೆ ಕಾಣುತ್ತವೆ. ಕಾಣಬೇಕು ಅಷ್ಟೇ.

ನಡಿಗೆ ಶುರುವಾಗುವ ಊರು ಮಾನೆಭಂಜ್ಯಾಂಗ್. ನೇಪಾಳಿಯಲ್ಲಿ ಭಂಜ್ಯಾಂಗ್ ಅಂದರೆ ಎರಡು ಬೆಟ್ಟದ ನಡುವಿನ ಕಂಡಿ. ಇಂಗ್ಲಿಷಿನಲ್ಲಿ ಬರೆದಿದ್ದನ್ನು ನಮ್ಮ ಅಕ್ಕ 'ಮನೆಭಂಜನ' ಅಂತ ಓದಿದಳು. "ಹೆಸರಲ್ಲೇ ಇದೆಯಲ್ಲ, ಮನೆ ಮುರಿಯೋ ಕೆಲಸ. ಹೋಗಿ ಬನ್ನಿ" ಅಂದಳು.

ಮೊದಲ ಜಗಳ ತಿಂಗಳ ಬಗ್ಗೆ. ಸಿಂಗಾಲೀಲಾ ರಾಷ್ಟ್ರೀಯ ಉದ್ಯಾನ ಮಳೆಗಾಲದಲ್ಲಿ, ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಮುಚ್ಚಿರುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಲಾಲಿಗುರಾಸ್, ಅಂದರೆ ರೊಡೊಡೆಂಡ್ರಾನ್ ಹೂವು, ಬೆಟ್ಟ ತುಂಬ ಕೆಂಪು. ಆದರೆ ಆಗ ಮೋಡ ಜಾಸ್ತಿ. ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಹೂವಿಲ್ಲ, ಆಕಾಶ ಚೊಕ್ಕಟ. ಹೂವಾ, ಹಿಮವಾ? ಓಟಿಗೆ ಹಾಕಿ ನವೆಂಬರ್ ಅಂತ ಮಾಡಿದೆವು.

ಎರಡನೆಯದು ಎತ್ತರದ ಜಗಳ. ಭಾವ ಮೊದಲು ಮಾಡಿದ ಶೀಟಿನಲ್ಲಿ ತುಮ್ಲಿಂಗ್‌ನಿಂದ ಸಂದಕ್‌ಫುಗೆ ಒಂದೇ ದಿನ, 19 ಕಿ.ಮೀ. "ನಮ್ಮ ಕಾಲದಲ್ಲಿ ದಿನಕ್ಕೆ ಮೂವತ್ತು ನಡೀತಿದ್ವಿ" ಅಂದರು. ಮಗಳು ಒಪ್ಪಲಿಲ್ಲ. "ಮಾವ, ದೂರ ಅಲ್ಲ ಲೆಕ್ಕ. ಮಲಗೋ ಜಾಗದ ಎತ್ತರ ಲೆಕ್ಕ" ಅಂದಳು. 3000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅನ್ನುವುದು ಬೆಟ್ಟ ಹತ್ತುವವರ ಲೆಕ್ಕಾಚಾರ. ತುಮ್ಲಿಂಗ್ 2970, ಸಂದಕ್‌ಫು 3636. ಕಳೆದು ನೋಡಿ. ಹಾಗಾಗಿ ನಡುವೆ ಕಾಲಿಪೋಖರಿಯಲ್ಲಿ, 3186 ಮೀಟರ್‌ನಲ್ಲಿ, ಒಂದು ರಾತ್ರಿ ಸೇರಿತು.

ಮೂರನೆಯದು ನನ್ನ ತಕರಾರು. ಶೀಟಿನಲ್ಲಿ ಪ್ರತಿದಿನ ಸಂಜೆ ಐದೂವರೆಗೆ 'ತಲುಪುವುದು' ಅಂತಿತ್ತು. ಬೆಂಗಳೂರಲ್ಲಿ ನವೆಂಬರ್‌ನಲ್ಲೂ ಐದೂಮುಕ್ಕಾಲಿಗೆ ಬೆಳಕಿರುತ್ತದೆ, ನಿಜ. ಆದರೆ ಡಾರ್ಜಿಲಿಂಗ್ ನಮಗಿಂತ ಎಷ್ಟೋ ಪೂರ್ವಕ್ಕಿದೆ, ಉತ್ತರಕ್ಕೂ ಇದೆ, ಇಡೀ ದೇಶಕ್ಕೆ ಒಂದೇ ಗಡಿಯಾರ. ಅಲ್ಲಿ ಆ ಹೊತ್ತಿಗೆ ಕತ್ತಲು. ನಾಲ್ಕೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಅಲ್ಲಿ ದಿನ ಅನ್ನೋದು ಬೆಳಿಗ್ಗೆ ಆರಕ್ಕೆ ಶುರುವಾಗಿ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ ಅಂತ ಇಟ್ಟುಕೊಂಡೇ ಪ್ಲಾನ್ ಮಾಡಬೇಕು. ಭಾವ ಒಂದು ಕಾಲಂ ಪೂರ್ತಿ ಎರಡೂವರೆ ಗಂಟೆ ಹಿಂದಕ್ಕೆ ತಳ್ಳಿದರು. ಅದರ ಜೊತೆಗೆ ಒಂದು ದಿನ ಸುಮ್ಮನೆ ಖಾಲಿ ಇರಲಿ ಅಂತ ನಾನು ಹಟ ಮಾಡಿದೆ. ಮೋಡ ಕವಿದರೆ ಕಾಯುವುದಕ್ಕೆ. "ಖಾಲಿ ದಿನಕ್ಕೆ ರಜೆ ಹಾಕ್ತೀಯೇನೋ?" ಅಂತ ಭಾವ ಗೊಣಗಿದರು. ಆದರೂ ಒಂದು ಸಾಲು ಸೇರಿಸಿದರು. ಎಲ್ಲ ಸಾಲುಗಳಿಗೂ ಬಿಳಿ ಬಣ್ಣ, ಇದಕ್ಕೆ ಮಾತ್ರ ಹಳದಿ. ಎದುರಿಗೆ 'ಏನೂ ಇಲ್ಲ' ಅಂತ ಬರೆದರು.

ಸಾಮಾನಿನ ಪಟ್ಟಿಯಲ್ಲಿ ಒಂದು ಕಡೆ 'ಕೇಬಲ್ ಟೈ, 20' ಅಂತಿತ್ತು. ನಾನೂ ಮಗಳೂ ಬಿದ್ದು ಬಿದ್ದು ನಕ್ಕೆವು.

ಮೊದಲ ದಿನ: ಬಾಗ್‌ಡೋಗ್ರಾದಿಂದ ಮಾನೆಭಂಜ್ಯಾಂಗ್

ಬೆಂಗಳೂರಿಂದ ಬೆಳಿಗ್ಗೆ ವಿಮಾನ, ಬಾಗ್‌ಡೋಗ್ರಾದಿಂದ ಜೀಪು. ಮಿರಿಕ್ ಮೇಲೆ ಹೋಗುವ ದಾರಿ ಚೆನ್ನಾಗಿದೆ, ಚಹಾ ತೋಟಗಳ ನಡುವೆ ಸುತ್ತಿ ಸುತ್ತಿ ಏರುತ್ತದೆ. ಸುಖಿಯಾಪೋಖರಿ ಅನ್ನುವ ಪೇಟೆಯಲ್ಲಿ ದುಡ್ಡು ತೆಗೆದುಕೊಂಡೆವು. ಆಮೇಲೆ ಎಟಿಎಂ ನಂಬಿಕೊಂಡರೆ ಕೆಟ್ಟಿರಿ. ಪೋಖರಿ ಅಂದರೆ ಕೆರೆ, ಸುಖಿಯಾ ಅಂದರೆ ಒಣಗಿದ್ದು. ಭಾವನಿಗೆ ಇದು ಬಹಳ ಹಿಡಿಸಿತು. "ಒಣಕೆರೆ ಆಯ್ತು, ನಾಡಿದ್ದು ಕಾಲಿಪೋಖರಿ, ಅಂದ್ರೆ ಕರಿಕೆರೆ. ನಮ್ಮ ತರೀಕೆರೆ ಹಾಗೇ ಇದೆಯಲ್ಲೋ" ಅಂದರು.

ಮಾನೆಭಂಜ್ಯಾಂಗ್‌ನಲ್ಲಿ ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಗುರುತಿನ ಚೀಟಿ ತೋರಿಸಿ, ಹೆಸರು ಬರೆಸಿ, ಗೈಡ್ ಗೊತ್ತು ಮಾಡಿಕೊಂಡೆವು. ನಲವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಅಣ್ಣನಿಗೆ ಅಲ್ಲಿ ದಾಜು ಅನ್ನುತ್ತಾರೆ. ನಾವೂ ದಾಜು ಅಂತಲೇ ಕರೆದೆವು. ಭಾವ ಶೀಟಿನ ಪ್ರಿಂಟ್ ತೋರಿಸಿದರು. ದಾಜು ಮೇಲಿಂದ ಕೆಳಗೆ ನೋಡಿ, ಹಳದಿ ಸಾಲಿನ ಮೇಲೆ ಬೆರಳಿಟ್ಟು, "ಇದು ಒಳ್ಳೆಯದು" ಅಂತ ಹಿಂದಿಯಲ್ಲಿ ಹೇಳಿದ. ನಾನು ಭಾವನ ಕಡೆ ನೋಡಲಿಲ್ಲ.

ಎರಡನೇ ದಿನ: ತುಮ್ಲಿಂಗ್

ಮೊದಲ ಎರಡು ಮೂರು ಕಿಲೋಮೀಟರ್ ಚಿತ್ರೆವರೆಗೆ ಬರೀ ಏರು. ಬೆನ್ನ ಮೇಲೆ ಏಳೆಂಟು ಕೆಜಿ. ಜೀಪಿನ ರಸ್ತೆ ಹಾವಿನ ಹಾಗೆ ಸುತ್ತುತ್ತದೆ, ನಡೆಯುವವರು ಅದನ್ನು ಅಡ್ಡ ಕತ್ತರಿಸಿ ಹತ್ತುತ್ತಾರೆ. ಚಹಾ ತೋಟದ ಇಂಗ್ಲಿಷರು ಬಿಟ್ಟು ಹೋದ ಹಳೇ ಲ್ಯಾಂಡ್ ರೋವರ್‌ಗಳು 1950ರ ಕಾಲದವು. ಈಗಲೂ ಒಂದೊಂದು ಈ ದಾರಿಯಲ್ಲಿ ಹೊಗೆ ಬಿಡುತ್ತಾ ಏರುತ್ತವೆ. ಬೊಲೆರೊಗಳು ಬಂದು ಅವುಗಳ ಅನ್ನ ಕಿತ್ತುಕೊಂಡಿವೆ. ಒಂದು ನಮ್ಮನ್ನು ದಾಟಿ ಹೋಗುವಾಗ ಭಾವ ನಿಂತು, ಟೋಪಿ ತೆಗೆದು, ಶಬ್ದ ಕೇಳಿಸಿಕೊಂಡರು. ಹಳೇ ಜನರೇಟರ್ ಕಂಡರೂ ಅವರು ಹೀಗೇ ಮಾಡುತ್ತಾರೆ.

ಮೇಘ್ಮಾ ಹೆಸರಿಗೆ ತಕ್ಕ ಹಾಗೆ ಮೋಡದೊಳಗೆ ಕೂತಿತ್ತು. ಇಲ್ಲಿ ಸಶಸ್ತ್ರ ಸೀಮಾ ಬಲದ ಚೌಕಿ, ಮತ್ತೆ ಗುರುತಿನ ಚೀಟಿ. ಗಡಿಗೆ ಬೇಲಿ ಇಲ್ಲ. ಆಗಾಗ ಒಂದು ಕಲ್ಲಿನ ಕಂಬ, ಅಷ್ಟೇ. ಎಡಗಡೆ ಮನೆಯಲ್ಲಿ ಚಹಾ ಕುಡಿದರೆ ನೇಪಾಳ, ಬಲಗಡೆ ಬಿಸ್ಕತ್ತು ಕೊಂಡರೆ ಭಾರತ. ಎರಡೂ ಕಡೆ ನಮ್ಮ ದುಡ್ಡೇ ನಡೆಯುತ್ತದೆ. ಸಸ್ಯ ಹುಡುಕಿಕೊಂಡು ಹಿಮಾಲಯಕ್ಕೆ ಬಂದ ಜೋಸೆಫ್ ಹೂಕರ್ 1848ರಲ್ಲಿ ಪಕ್ಕದ ಟೊಂಗ್ಲು ಬೆಟ್ಟ ಹತ್ತಿದ್ದ. ನಾವು ಅದರ ಬುಡದಲ್ಲಿ ಎಡಕ್ಕೆ ತಿರುಗಿ ನೇಪಾಳದ ಕಡೆಯ ತುಮ್ಲಿಂಗ್ ಸೇರಿದೆವು. ಎರಡೂಮುಕ್ಕಾಲು ಗಂಟೆ. ಶೀಟಿನಲ್ಲಿ ಮೂರು. ಭಾವನ ಮುಖ ಅರಳಿತು.

ಬೆಳಿಗ್ಗೆ ಸೂರ್ಯೋದಯಕ್ಕೆ ಅಂತ ಐದಕ್ಕೆ ಅಲಾರಂ ಇಟ್ಟೆ. ಅದು ಬಡಿದಾಗ ಎದ್ದು, ಹಲ್ಲು ಕಡಿಯುತ್ತಾ ಹೊರಗೆ ನಿಂತರೆ ಪಕ್ಕದಲ್ಲಿ ಮಗಳಿಲ್ಲ. ಅವಳು ಆರಾಮಾಗಿ ಹದಿನೈದು ನಿಮಿಷ ಬಿಟ್ಟು ಬಂದಳು. ಅವಳದು ಹಳೇ ಕೈಗಡಿಯಾರ. ನನ್ನ ಫೋನು ರಾತ್ರಿಯೇ ನೇಪಾಳದ ಟವರ್ ಹಿಡಿದು, ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ಹಾಕಿಕೊಂಡಿತ್ತು. ನೇಪಾಳದ ಸಮಯ ನಮಗಿಂತ ಅಷ್ಟು ಮುಂದೆ. ಭಾವನ ಫೋನೂ ಹಾಗೇ ಮಾಡಿತ್ತು. ಅಂದರೆ ನಿನ್ನೆ ಎರಡೂಮುಕ್ಕಾಲು ಅನ್ನುವುದು ಎರಡೂವರೆಯೇ? ನಾವು ಬೇಗ ಬಂದಿದ್ದು ಹದಿನೈದು ನಿಮಿಷವೋ, ಅರ್ಧ ಗಂಟೆಯೋ? ಆ ತಲೆಬಿಸಿಯಲ್ಲೇ ಅವರ ಸೂರ್ಯೋದಯ ಕಳೆಯಿತು. ಇಲ್ಲಿಗೆ ಬರುವವರು ಫೋನಿನ ಸ್ವಯಂಚಾಲಿತ ಸಮಯವನ್ನೂ ರೋಮಿಂಗನ್ನೂ ಮಾನೆಭಂಜ್ಯಾಂಗ್‌ನಲ್ಲೇ ಆಫ್ ಮಾಡಿಬಿಡಿ.

ಮೂರನೇ ದಿನ: ಕಾಲಿಪೋಖರಿ

ಈ ದಿನದ ಬೇಜಾರು ಅಂದರೆ, ನಿನ್ನೆ ಕಷ್ಟಪಟ್ಟು ಏರಿದ್ದನ್ನು ಬೆಳಿಗ್ಗೆ ಎದ್ದು ಇಳಿಯಬೇಕು. ಗೈರಿಬಾಸ್ 2621 ಮೀಟರ್. ಮುನ್ನೂರೈವತ್ತು ಮೀಟರ್ ಇಳಿದು, ಮತ್ತೆ ಐನೂರೈವತ್ತಕ್ಕಿಂತ ಜಾಸ್ತಿ ಏರು. ಗೈರಿಬಾಸ್‌ನಲ್ಲಿ ಉದ್ಯಾನದ ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಡು ದಟ್ಟ. ಓಕ್ ಮರಗಳ ಮೈಗೆಲ್ಲ ಹಾವಸೆ, ಕೆಳಗೆ ನಮ್ಮ ಮಲೆನಾಡಿನ ವಾಟೆಯ ಹಾಗೆ ಸಣ್ಣ ಬಿದಿರಿನ ಹೊದರು. ಈ ಬಿದಿರೇ ಕೆಂಪು ಪಾಂಡಾದ ಊಟ. ಡಾರ್ಜಿಲಿಂಗ್ ಮೃಗಾಲಯದಲ್ಲಿ ಹುಟ್ಟಿ ಬೆಳೆದ ಎರಡು ಹೆಣ್ಣು ಪಾಂಡಾಗಳನ್ನು 2003ರಲ್ಲಿ ಈ ಕಾಡಿಗೆ ಬಿಟ್ಟಿದ್ದರು. ನಮಗೆ ಒಂದೂ ಕಾಣಲಿಲ್ಲ. ಮರದ ಬುಡದಲ್ಲಿದ್ದ ಒಂದು ಹಿಡಿ ಹಿಕ್ಕೆ ತೋರಿಸಿ ದಾಜು "ಪಾಂಡಾ" ಅಂದ. ಮಗಳು ಅದರದ್ದೇ ಹತ್ತು ಫೋಟೋ ತೆಗೆದಳು.

ಕಯ್ಯಾಕಾಟಾ ಇನ್ನೂ ಅರ್ಧ ಗಂಟೆ ಇದೆ ಅನ್ನುವಾಗ ನನ್ನ ಬಲಗಾಲಿನ ಹೆಜ್ಜೆ 'ಚಪ್ ಚಪ್' ಅನ್ನತೊಡಗಿತು. ಬಗ್ಗಿ ನೋಡಿದರೆ ಶೂವಿನ ಅಟ್ಟೆ ಹಿಮ್ಮಡಿಯಿಂದ ಬಿಟ್ಟುಕೊಂಡು ಮೊಸಳೆ ಬಾಯಿ ತೆರೆದಿದೆ. ಒಳ್ಳೇ ಕಂಪನಿಯ, ಜಾಸ್ತಿ ದುಡ್ಡು ಕೊಟ್ಟು ತಂದ ಶೂ. ಆರು ವರ್ಷ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದೆ. ತಪ್ಪಾಗಿದ್ದು ಆ ಜೋಪಾನದಲ್ಲೇ. ಈ ಶೂಗಳ ಅಟ್ಟೆಯೊಳಗಿನ ಮೆತ್ತನೆಯ ಪದರ ಪಾಲಿಯುರೆಥೇನ್. ಗಾಳಿಯ ತೇವಕ್ಕೆ ಅದು ಒಳಗೊಳಗೇ ಪುಡಿಯಾಗುತ್ತದೆ. ಹಾಕಿಕೊಂಡು ಓಡಾಡದೆ ವರ್ಷಗಟ್ಟಲೆ ಸುಮ್ಮನೆ ಇಟ್ಟರೂ ಪುಡಿಯಾಗುವುದು ತಪ್ಪುವುದಿಲ್ಲ. ಮುಳ್ಳಯ್ಯನಗಿರಿಗೆ ಬೇರೆ ಶೂ ಹಾಕಿಕೊಂಡು ಹೋಗಿದ್ದೆ. ಇದನ್ನು ಹಾಕಿ ಅಭ್ಯಾಸ ಮಾಡಿದ್ದರೆ ಊರಲ್ಲೇ ಗೊತ್ತಾಗುತ್ತಿತ್ತು.

ಭಾವ ಒಂದೂ ಮಾತಾಡಲಿಲ್ಲ. ಬ್ಯಾಗು ಇಳಿಸಿದರು. ಜಿಪ್ ತೆರೆದರು. ಕಪ್ಪು ಕೇಬಲ್ ಟೈಗಳ ಕಟ್ಟು ತೆಗೆದು, ಒಂದೊಂದಾಗಿ ನಾಲ್ಕನ್ನು ಶೂವಿನ ಸುತ್ತ ಬಿಗಿದರು. ತುದಿಗಳನ್ನು ಉಗುರು ಕತ್ತರಿಯಲ್ಲಿ ಕತ್ತರಿಸಿ, ಚೂರುಗಳನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಎಡಗಾಲಿನ ಶೂ ಕಡೆ ಕೈ ತೋರಿಸಿ, "ಅದನ್ನೂ ಕೊಡು. ಇವತ್ತಲ್ಲ ನಾಳೆ ಅದೂ ಬಿಡುತ್ತೆ" ಅಂದರು. ಅದು ಬಿಟ್ಟಿದ್ದು ಸಂಜೆ, ಊರು ಸೇರುವಾಗ.

ಕಾಲಿಪೋಖರಿಯ ಕೆರೆ ನಿಜಕ್ಕೂ ಕಪ್ಪು. ಸುತ್ತ ಬೌದ್ಧರ ಬಣ್ಣದ ಬಾವುಟಗಳು. ಚಳಿಗಾಲದಲ್ಲೂ ಈ ನೀರು ಹೆಪ್ಪುಗಟ್ಟುವುದಿಲ್ಲ ಅನ್ನುತ್ತಾರೆ ಊರವರು. ರಾತ್ರಿ ಒಲೆ ಮುಂದೆ ಕೂತಿದ್ದಾಗ ಪಕ್ಕದ ಬೆಂಚಿನವರು ಮರದ ಚೊಂಬಿನಂಥದ್ದರಿಂದ ಕೊಳವೆಯಲ್ಲಿ ಏನೋ ಹೀರುತ್ತಿದ್ದರು. ತೊಂಗ್ಬಾ. ಹುದುಗಿದ ಧಾನ್ಯದ ಮೇಲೆ ಬಿಸಿನೀರು ಹುಯ್ದು ಕುಡಿಯುವ ಮದ್ಯ. ಭಾವ ಅದರಿಂದ ನಾಲ್ಕು ಕಾಳು ಅಂಗೈಗೆ ಹಾಕಿಸಿಕೊಂಡು, ಹೆಡ್‌ಲ್ಯಾಂಪ್ ಬೆಳಕಲ್ಲಿ ನೋಡಿ, ತಿಕ್ಕಿ, ಮೂಸಿ, "ಲೋ, ಇದು ರಾಗಿ ಕಣೋ!" ಅಂದರು. ಹೌದು, ನೇಪಾಳಿಯವರ ಕೋದೋ ಅಂದರೆ ನಮ್ಮ ರಾಗಿಯೇ. ಹಾಸನದ ಮನುಷ್ಯನಿಗೆ ಇಷ್ಟು ಗೊತ್ತಾದ ಮೇಲೆ ಕುಡಿಯದೆ ಇರುವುದು ಹೇಗೆ? ಮಗಳು ಬಿಡಲಿಲ್ಲ. ಏರುವ ದಿನಗಳಲ್ಲಿ ಹೆಂಡ ಬೇಡ, ಇಳಿದ ಮೇಲೆ ಎಷ್ಟು ಬೇಕಾದರೂ ಕುಡೀರಿ ಅಂದಳು. ಭಾವ ಬಿಸಿನೀರು ಕುಡಿದು ಮಲಗಿದರು.

ನಾಲ್ಕನೇ ದಿನ: ಸಂದಕ್‌ಫು

ಬರೀ ಆರು ಕಿಲೋಮೀಟರ್. ಮೊದಲ ಎರಡು ಆರಾಮ. ಬಿಖೆಭಂಜ್ಯಾಂಗ್‌ನಿಂದ ಮುಂದೆ ದಾರಿ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಬಿಖ್ ಅಂದರೆ ವಿಷ. ಸಂದಕ್‌ಫು ಅನ್ನುವ ಹೆಸರಿಗೂ ವಿಷದ ಗಿಡಗಳ ಬೆಟ್ಟ ಅನ್ನುವ ಅರ್ಥ ಹೇಳುತ್ತಾರೆ. ಇಲ್ಲಿ ವತ್ಸನಾಭಿ ಬೆಳೆಯುತ್ತದೆ. ಮನೆ ಮುರಿಯುವ ಊರಿಂದ ಹೊರಟು ವಿಷದ ಕಂಡಿಗೆ ಬಂದಿದ್ದನ್ನು ಅಕ್ಕನಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಹನ್ನೊಂದೂವರೆಗೆ ಮೇಲಿದ್ದೆವು. ಎಲ್ಲಾ ಕಡೆ ಬಿಳಿ ಮೋಡ, ಏನೂ ಕಾಣದು. ಮಧ್ಯಾಹ್ನ ಊಟಕ್ಕೆ ಕೂತಾಗ ಭಾವ ತಟ್ಟೆ ಪಕ್ಕಕ್ಕೆ ಸರಿಸಿದರು. ತಲೆ ನೋಯುತ್ತಿದೆ, ಊಟ ಸೇರುತ್ತಿಲ್ಲ. "ಚಳಿಗೆ ಇರಬೇಕು" ಅಂದರು. ಮಗಳು ಅವರನ್ನು ಎಬ್ಬಿಸಿ, ನೆಲದ ಹಲಗೆಯ ಗೆರೆ ತೋರಿಸಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತಾ ನಡೆಯಿರಿ ಅಂದಳು. ಕುಡಿದವರಿಗೆ ಪೊಲೀಸರು ಮಾಡಿಸುವ ಹಾಗೆ. ಭಾವ ಒಂದಿಷ್ಟೂ ಓಲಾಡದೆ ನೆಟ್ಟಗೆ ನಡೆದರು. ದಾಜು ನೋಡುತ್ತಿದ್ದವನು ತಲೆಯಾಡಿಸಿದ. ಇದು ಎತ್ತರದ ತಲೆನೋವು, ಇನ್ನೂ ಹಗುರದ್ದು. ವಾಂತಿಯಾದರೆ, ನಡಿಗೆ ತಪ್ಪಿದರೆ, ರಾತ್ರಿಯೇ ಜೀಪಿನಲ್ಲಿ ಕೆಳಗೆ. ಇಲ್ಲದಿದ್ದರೆ ನಾಳೆ ಇಲ್ಲೇ ಇರೋಣ, ತಲೆನೋವು ಪೂರ್ತಿ ಹೋಗುವವರೆಗೆ ಮುಂದಕ್ಕೆ ಹೆಜ್ಜೆ ಇಡುವುದು ಬೇಡ ಅಂದ. ಕಾರಣವೂ ಹೇಳಿದ. ಸಂದಕ್‌ಫುವಿನಿಂದ ಜೀಪು ಸಿಗುತ್ತದೆ. ಫಾಲುಟ್‌ನಲ್ಲಿ ರಾತ್ರಿ ಹೆಚ್ಚುಕಮ್ಮಿಯಾದರೆ ಕೆಳಗಿಳಿಸುವುದು ಬಹಳ ಕಷ್ಟ.

ಭಾವ ಕಂಬಳಿಯೊಳಗಿಂದ ಕೈ ಚಾಚಿ ಶೀಟಿನ ಪ್ರಿಂಟ್ ಕೇಳಿದರು. ಹಳದಿ ಸಾಲಿನಲ್ಲಿ 'ಏನೂ ಇಲ್ಲ' ಅನ್ನುವುದನ್ನು ಹೊಡೆದು ಹಾಕಿ 'ತಲೆ' ಅಂತ ಬರೆದರು.

ಐದನೇ ದಿನ: ಹಳದಿ ದಿನ

ರಾತ್ರಿ ಮೂರು ಸಲ ಎದ್ದು ಭಾವ ಉಸಿರಾಡುತ್ತಿದ್ದಾರಾ ಅಂತ ನೋಡಿದ್ದೆ. ಮೂರನೇ ಸಲ ಅವರೇ, "ಸತ್ತಿಲ್ಲ, ಮಲಗೋ ಮಾರಾಯ" ಅಂದರು. ಐದೂವರೆಗೆ ಹೊರಗೆ ಬಂದರೆ ಬಕೆಟ್ಟಿನ ನೀರಿನ ಮೇಲೆ ಗಾಜಿನ ಹಾಗೆ ಐಸು. ಮೋಡ ಒಂದು ಚೂರೂ ಇಲ್ಲ.

ಬುದ್ಧ ಮಲಗಿದ್ದ. ಇಲ್ಲಿಂದ ಕಾಣುವ ಕಾಂಚನಜುಂಗಾದ ಸಾಲಿಗೆ 'ಮಲಗಿದ ಬುದ್ಧ' ಅಂತಲೇ ಹೆಸರು. ನಾನು ಇಂಥ ಹೋಲಿಕೆಗಳನ್ನು ನಂಬುವವನಲ್ಲ. ಯಾವ ಊರಿಗೆ ಹೋದರೂ ಒಂದು ಬಂಡೆ ಆನೆ ಆಗಿರುತ್ತದೆ, ಇನ್ನೊಂದು ಬಸವ. ಇದು ಹಾಗಲ್ಲ. ಹಣೆ, ಮೂಗು, ಗಲ್ಲ, ಉಬ್ಬಿದ ಹೊಟ್ಟೆ, ಕೊನೆಗೆ ಪಾದ. ಯಾರೂ ತೋರಿಸಿಕೊಡಬೇಕಿಲ್ಲ. ಹೊಟ್ಟೆಯ ಜಾಗದಲ್ಲಿ ಕಾಂಚನಜುಂಗಾ, 8586 ಮೀಟರ್. ತಲೆಯ ಜಾಗದಲ್ಲಿರುವ 7710 ಮೀಟರ್ ಶಿಖರದ ಹೆಸರು ಕುಂಭಕರ್ಣ. ನಾನು ತಮಾಷೆ ಮಾಡುತ್ತಿಲ್ಲ, ನೇಪಾಳದಲ್ಲಿ ಅದರ ಹೆಸರೇ ಅದು. ಬುದ್ಧನ ತಲೆಯಾಗಿ ಕುಂಭಕರ್ಣ ಮಲಗಿದ್ದಾನೆ. ಮೊದಲು ಹೊಟ್ಟೆಯ ತುದಿಗೆ ಕೆಂಪು ತಾಗಿತು. ಆಮೇಲೆ ಬಣ್ಣ ನಿಧಾನಕ್ಕೆ ಕೆಳಗಿಳಿಯುತ್ತಾ ಚಿನ್ನದ ಬಣ್ಣವಾಯಿತು. ಅಷ್ಟು ಹೊತ್ತಿಗೆ ನನ್ನ ಕ್ಯಾಮೆರಾ ಸತ್ತಿತ್ತು. ಚಳಿಗೆ ಬ್ಯಾಟರಿ ಇಳಿದುಹೋಗುತ್ತದೆ. ರಾತ್ರಿ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಬೇಕಿತ್ತು. ಶೀಟಿನಲ್ಲಿ ಅದೂ ಬರೆದಿತ್ತು.

ಎಡಕ್ಕೆ, ದೂರದಲ್ಲಿ, ಇನ್ನೊಂದು ಗುಂಪು. ಲೋತ್ಸೆ, ಎವರೆಸ್ಟ್, ಮಕಾಲು. ಎವರೆಸ್ಟ್ ನೋಡಿ ಮಗಳಿಗೆ ಸ್ವಲ್ಪ ನಿರಾಸೆ. ಅಕ್ಕಪಕ್ಕದವರ ಹಿಂದೆ ನಿಂತು ಫೋಟೋಗೆ ತಲೆ ಮಾತ್ರ ಹಾಕಿದ ಹಾಗೆ ಸಣ್ಣಗೆ ಕಾಣುತ್ತದೆ. ಮಕಾಲು ನಮಗೆ ಹತ್ತಿರ, ಹಾಗಾಗಿ ಅದೇ ದೊಡ್ಡಣ್ಣ. "ಇದಕ್ಕಾ ಅಷ್ಟೊಂದು ಜನ ಕ್ಯೂ ನಿಲ್ಲೋದು?" ಅಂದಳು.

ಭಾವ ಏಳು ಗಂಟೆಗೆ ಕಂಬಳಿ ಹೊದ್ದುಕೊಂಡೇ ಹೊರಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಸಾಮಾನ್ಯವಾಗಿ ಹತ್ತು ಗಂಟೆ ಹೊತ್ತಿಗೆ ನೇಪಾಳದ ಕಣಿವೆಯಿಂದ ಮೋಡ ಎದ್ದು ಎಲ್ಲ ಮುಚ್ಚುತ್ತದೆ. ಅವತ್ತು ಏಳಲಿಲ್ಲ. ಹತ್ತಾಯಿತು, ಹನ್ನೆರಡಾಯಿತು, ಎರಡಾಯಿತು. ಭಾವ ಕುರ್ಚಿ ಬಿಟ್ಟು ಕದಲಲಿಲ್ಲ. ಬಿಸಿಲು ತಿರುಗಿದ ಹಾಗೆ ಕುರ್ಚಿ ಸ್ವಲ್ಪ ಸ್ವಲ್ಪ ತಿರುಗಿಸಿಕೊಂಡರು. ಬೆಳ್ಳುಳ್ಳಿ ಸೂಪು, ಬಿಸಿನೀರು, ಮತ್ತೆ ಸೂಪು. ನಾವು ಏನಾದರೂ ಕೇಳಿದರೆ "ಹೂಂ". ನಾಲ್ಕು ಗಂಟೆಗೆ ತಲೆನೋವು ಹೋಗಿತ್ತು. ರಾತ್ರಿ ಎರಡು ತಟ್ಟೆ ದಾಲ್ ಭಾತ್ ತಿಂದರು. ಇಡೀ ಪ್ರವಾಸದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಪೂರ್ತಿ ಆಕಾಶ ಬಿಟ್ಟಿದ್ದು ಅದೊಂದೇ ದಿನ.

ಆರನೇ ದಿನ: ಫಾಲುಟ್

21 ಕಿಲೋಮೀಟರ್. ಆದರೆ ನಾವು ಕೇಳಿಕೊಂಡು ಬಂದಿದ್ದು ಇದನ್ನೇ. ಕಾಡು ಹಿಂದೆ ಉಳಿಯುತ್ತದೆ. ಕಂದು ಹುಲ್ಲಿನ ಬೋಳು ಬೆಟ್ಟ, ನೆತ್ತಿಯ ಮೇಲೆ ಒಂದು ಜೀಪು ಜಾಡು, ಅಲ್ಲಲ್ಲಿ ಸುಟ್ಟು ನಿಂತ ಬಿಳಿ ಮರದ ಬೊಡ್ಡೆಗಳು. ಎಡಗಾಲು ನೇಪಾಳದಲ್ಲಿ, ಬಲಗಾಲು ಭಾರತದಲ್ಲಿ. ದೊಡ್ಡ ಏರಿಳಿತ ಇಲ್ಲ. ಮುಳ್ಳಯ್ಯನಗಿರಿಯ ದಾರಿಯನ್ನೇ ಯಾರೋ ಹಿಡಿದು ಎಳೆದು ಉದ್ದ ಮಾಡಿದ ಹಾಗಿತ್ತು. ನೀರು ಮಾತ್ರ ದಾರಿಯಲ್ಲಿ ಸಿಗುವುದು ಕಷ್ಟ, ಸಂದಕ್‌ಫುವಿನಿಂದಲೇ ತಲೆಗೆ ಮೂರು ಲೀಟರ್ ಹೊತ್ತಿದ್ದೆವು. ನಾಲ್ಕು ಯಾಕ್‌ಗಳು ದಾರಿಗೆ ಅಡ್ಡ ಮಲಗಿದ್ದವು. ನಾವೇ ಸುತ್ತಿ ಹೋದೆವು.

14 ಕಿ.ಮೀ. ನಡೆದು ಸಬರ್‌ಗ್ರಾಮ್ ತಲುಪಿದಾಗ ಮಧ್ಯಾಹ್ನ. ಅಲ್ಲಿಂದ ಮೋಡ ಬಂತು. ಕೊನೆಯ ಏಳು ಕಿಲೋಮೀಟರ್ ನಾನು ನೋಡಿದ್ದು ದಾಜುವಿನ ನೀಲಿ ಬ್ಯಾಗು ಮಾತ್ರ. ನನ್ನ ಶೂ ಈಗ ಒಂದೊಂದಕ್ಕೆ ಏಳು ಟೈ. ಫಾಲುಟ್ ಅಂದರೆ ಗಾಳಿ, ಒಂದೆರಡು ಗುಡಿಸಲು, ಒಂದು ಚೌಕಿ. ಪಶ್ಚಿಮ ಬಂಗಾಳ, ಸಿಕ್ಕಿಂ, ನೇಪಾಳ ಮೂರೂ ಸೇರುವ ಜಾಗ. ರಾತ್ರಿಯಿಡೀ ತಗಡು ಬಡಿದುಕೊಳ್ಳುತ್ತಿತ್ತು.

ಏಳನೇ ದಿನ: ಗೋರ್ಖೆ

ಐದಕ್ಕೆ ಎದ್ದು ಅರ್ಧ ಗಂಟೆ ಹತ್ತಿ ಫಾಲುಟ್ ನೆತ್ತಿಗೆ ಹೋದೆವು. ಕಾಂಚನಜುಂಗಾ ಸಂದಕ್‌ಫುಗಿಂತ ಇಲ್ಲಿಗೆ ಇನ್ನೂ ಹತ್ತಿರ. ಇಡೀ ಪ್ಲಾನ್ ಮಾಡಿದ್ದೇ ಈ ಒಂದು ಬೆಳಗಿಗೆ. ಆರೂವರೆವರೆಗೆ ನಿಂತೆವು. ಬಾವುಟಗಳು ಪಟಪಟ ಬಡಿಯುವುದು ಕೇಳಿಸಿತು. ಬಾವುಟಗಳು ಕಾಣಿಸಲಿಲ್ಲ.

"ಇನ್ನೊಂದು ದಿನ ಕಾಯೋಣವಾ?" ಅಂತ ಭಾವನೇ ಕೇಳಿದರು. ಖಾಲಿ ದಿನಕ್ಕೆ ಗೊಣಗಿದ್ದ ಅದೇ ಭಾವ. ಮಗಳಿಗೆ ಸೋಮವಾರ ಪರೀಕ್ಷೆ. ಹಳದಿ ಸಾಲು ಒಂದೇ ಇತ್ತು, ಖರ್ಚಾಗಿತ್ತು. ಇಳಿದೆವು.

15 ಕಿ.ಮೀ. ಇಳಿಜಾರು, ಸಾವಿರದ ಇನ್ನೂರು ಮೀಟರ್‌ನಷ್ಟು. ಮಂಡಿಯ ಬಗ್ಗೆ ಏನೂ ಬರೆಯುವುದಿಲ್ಲ. ಮೋಡದಿಂದ ಕೆಳಗೆ ಬಂದಾಗ ಮೊದಲು ಬಿದಿರು, ಆಮೇಲೆ ಎತ್ತರದ ಮರಗಳು, ಆಮೇಲೆ ನೀರಿನ ಸದ್ದು. ಒಂದು ವಾರದಲ್ಲಿ ಮೊದಲ ಸಲ ಹರಿಯುವ ನೀರು ಕೇಳಿದ್ದು. ಗೋರ್ಖೆ ಹಳ್ಳದ ದಂಡೆಯ ಊರು. ಹಳ್ಳದ ಆಚೆ ಸಿಕ್ಕಿಂ. ಮನೆಗಳ ಸೂರಿನ ಕೆಳಗೆ ಜೋಳದ ತೆನೆಗಳನ್ನು ಜಡೆ ಹೆಣೆದು ತೂಗು ಹಾಕಿದ್ದರು.

ರಾತ್ರಿ ಅಡುಗೆ ಮನೆಯಲ್ಲಿ ಮನೆಯ ದೀದಿ ಒಲೆ ಮೇಲೆ ಕಬ್ಬಿಣದ ಪಾತ್ರೆ ಇಟ್ಟು ನೀರು ಕುದಿಸಿದರು. ಕಂದು ಹಿಟ್ಟು ಸುರಿದರು. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಚಪ್ಪಟೆ ಮರದ ಕೋಲಿನಿಂದ ತಿರುವತೊಡಗಿದರು. ಭಾವ ಎದ್ದು ಹೋಗಿ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಧಿಂಡೋ ಅಂತ ಅದರ ಹೆಸರು. ಹಿಟ್ಟು ಕೋದೋದ್ದು. ನಮ್ಮಲ್ಲಿ ಉಂಡೆ ಕಟ್ಟುತ್ತೇವೆ, ಅವರು ಸೌಟಲ್ಲಿ ಹಾಗೇ ತಟ್ಟೆಗೆ ಬಡಿಸುತ್ತಾರೆ. ಜೊತೆಗೆ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್ ಸಾರು, ದಲ್ಲೆ ಅನ್ನುವ ಗುಂಡು ಮೆಣಸಿನಕಾಯಿ. ಭಾವ ಕೈ ಒದ್ದೆ ಮಾಡಿಕೊಂಡು ತಮ್ಮ ತಟ್ಟೆಯದನ್ನು ಉಂಡೆ ಕಟ್ಟಿದರು. ದೀದಿ ನಕ್ಕು, ಮಗನನ್ನು ಕರೆದು ತೋರಿಸಿದರು. ಆಮೇಲೆ ಭಾವ ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದರು. "ಅಗಿಯಲ್ವಾ?" ಅಂತ ಹುಡುಗ ಗಾಬರಿಯಾಗಿ ಕೇಳಿದ. ತೊಂಗ್ಬಾ ಕೂಡ ಬಂತು. ಮಗಳು ಈ ಸಲ ತಡೆಯಲಿಲ್ಲ. ಒಂದೇ ಪಾತ್ರೆಗೆ ನಾಲ್ಕು ಸಲ ಬಿಸಿನೀರು ಹುಯ್ಯಿಸಿಕೊಂಡು ಕುಡಿದ ಭಾವ, ಕೊನೆಗೆ ಹರಕು ಹಿಂದಿಯಲ್ಲಿ ದೀದಿಗೆ ಬಸ್ಸಾರು ಮಾಡುವ ವಿಧಾನ ಹೇಳಿಕೊಟ್ಟರು. ಅವರಿಗೆ ಎಷ್ಟು ತಿಳಿಯಿತೋ ದೇವರಿಗೇ ಗೊತ್ತು.

ಎಂಟು, ಒಂಬತ್ತನೇ ದಿನ

ಸಮಂದೆನ್, ರಮ್ಮಾಮ್ ದಾಟಿ ಸಿರಿಖೋಲಾ. ತೂಗು ಸೇತುವೆ, ಅಲ್ಲಿಂದ ಜೀಪು, ರಾತ್ರಿ ರಿಂಬಿಕ್. ಅಲ್ಲಿ ನನ್ನ ಶೂಗಳನ್ನು ಬಿಸಾಡಿ, ಪೇಟೆಯಲ್ಲಿ ಹವಾಯಿ ಚಪ್ಪಲಿ ಕೊಂಡು, ಅದರಲ್ಲೇ ಬೆಂಗಳೂರಿಗೆ ಬಂದೆ. ಟೈಗಳಲ್ಲಿ ಉಳಿದ ಆರನ್ನು ಭಾವ ದಾಜುವಿಗೆ ಕೊಟ್ಟರು.

ವಿಮಾನ ನಿಲ್ದಾಣಕ್ಕೆ ಅಕ್ಕ ಬಂದಿದ್ದಳು. ಮನೆಗೆ ಹೋಗಿ ಭಾವ ಬ್ಯಾಗು ಬಿಚ್ಚಿ, ಗೋರ್ಖೆಯ ದೀದಿ ಹಳೇ ಪೇಪರಿನಲ್ಲಿ ಕಟ್ಟಿಕೊಟ್ಟ ಪೊಟ್ಟಣವನ್ನು ಬಹಳ ಜೋಪಾನವಾಗಿ ಅಕ್ಕನ ಕೈಗಿಟ್ಟರು. ಅಕ್ಕ ಬಿಚ್ಚಿದಳು. ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದಳು. ನಾಲಿಗೆಗೆ ಇಟ್ಟುಕೊಂಡಳು.

"ಹಿಮಾಲಯಕ್ಕೆ ಹೋಗಿ ರಾಗಿ ಹಿಟ್ಟು ತಂದ್ರಾ?" ಅಂದಳು.